ಅಡುಗೆಮನೆ ಒಡೆಸುವ ಮುನ್ನ: ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳಿಗೊಂದು ಮಾರ್ಗದರ್ಶಿ

‘ಅಡುಗೆಮನೆ ಹೊಸದು ಮಾಡಿಸಬೇಕು, ಎಲ್ಲಿಂದ ಶುರು ಮಾಡೋದು?’ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಕೇಳುವವರ ಫೋನಿನಲ್ಲಿ ಒಂದು ಚಿತ್ರ ಇದ್ದೇ ಇರುತ್ತದೆ: ಬಿಳಿ ಕಪಾಟು, ಕನ್ನಡಿಯಂಥ ಕಪ್ಪು ಕಲ್ಲು, ಗಾಜಿನ ಒಲೆ. ಆ ಚಿತ್ರದಲ್ಲಿರುವ ಅಡುಗೆಮನೆಯಲ್ಲಿ ಯಾರೂ ದಿನಕ್ಕೆ ಇಪ್ಪತ್ತು ಜೋಳದ ರೊಟ್ಟಿ ಬಡಿಯುವುದಿಲ್ಲ. ಮೇ ತಿಂಗಳ ಬಿಸಿಲು 42 ಡಿಗ್ರಿ ಮುಟ್ಟಿದಾಗ ಒಲೆಯ ಮುಂದೆ ನಿಲ್ಲುವುದಿಲ್ಲ. ಬೋರ್‌ವೆಲ್ಲಿನ ಸವಳು ನೀರಿನಲ್ಲಿ ಪಾತ್ರೆ ತೊಳೆಯುವುದಿಲ್ಲ. ನಮ್ಮ ಮನೆಗಳಲ್ಲಿ ಈ ಮೂರೂ ಇವೆ. ಹಾಗಾಗಿ ಚಿತ್ರವನ್ನು ಬದಿಗಿಟ್ಟು, ನಿಮ್ಮ ಮನೆಯ ರೊಟ್ಟಿಯಿಂದ ಶುರು ಮಾಡಿ. ಕಟ್ಟೆಯ ಎತ್ತರ, ಕಲ್ಲು, ಒಲೆ, ಕಿಟಕಿ ಎಲ್ಲವೂ ಅದರ ಹಿಂದೆಯೇ ಗೊತ್ತಾಗುತ್ತಾ ಹೋಗುತ್ತವೆ.

1. ರೊಟ್ಟಿ ಬಡಿಯುವ ಜಾಗ ಗೊತ್ತುಮಾಡಿ

ಮನೆಯಲ್ಲಿ ರೊಟ್ಟಿ ಬಡಿಯುವವರು ಯಾರು, ಕೂತು ಬಡಿಯುತ್ತಾರೋ ನಿಂತು ಬಡಿಯುತ್ತಾರೋ ಕೇಳಿ. ಅತ್ತೆಯವರು ಕೂತು ಬಡಿಯುತ್ತಾರೆ, ಸೊಸೆ ನಿಂತು ಬಡಿಯುತ್ತಾಳೆ ಎನ್ನುವ ಮನೆಗಳೇ ಹೆಚ್ಚು. ಈ ಒಂದು ಮಾತನ್ನು ಕೇಳದೆ ಕಟ್ಟೆ ಕಟ್ಟಿಸಿ, ಆಮೇಲೆ ಹಿಟ್ಟಿನ ಪರಾತವನ್ನು ಹಿತ್ತಲಿಗೆ ಒಯ್ದು ಕೂತವರನ್ನು ನಾನು ಕಂಡಿದ್ದೇನೆ.

ಸಾಮಾನ್ಯ ಅಡುಗೆಗೆ ಕಟ್ಟೆಯ ಎತ್ತರ ನಿಂತವರ ಮೊಣಕೈಗಿಂತ ನಾಲ್ಕೈದು ಇಂಚು ಕೆಳಗಿರಬೇಕು. ಐದು ಅಡಿ ಎತ್ತರದವರಿಗೆ ಅದು 32–33 ಇಂಚಿಗೆ ಬರುತ್ತದೆ. ಹೆಚ್ಚುವುದಕ್ಕೆ, ಕಲಸುವುದಕ್ಕೆ ಇದು ಸರಿ. ಆದರೆ ರೊಟ್ಟಿ ಬಡಿಯುವಾಗ ಅಂಗೈ ಮೇಲಿಂದ ಇಳಿಯಬೇಕು, ಭುಜದ ಭಾರ ಹಿಟ್ಟಿನ ಮೇಲೆ ಬೀಳಬೇಕು. ಕಟ್ಟೆ ಎತ್ತರವಾದರೆ ನಾಲ್ಕನೇ ರೊಟ್ಟಿಗೇ ರಟ್ಟೆ ಸೋಲುತ್ತವೆ. ಅದಕ್ಕೆ 28 ಇಂಚು ಹಿತ.

ಜಾಗವಿದ್ದರೆ ಕಟ್ಟೆಯ ಒಂದು ತುದಿಯನ್ನು ಮೂರು ಅಡಿ ಅಗಲಕ್ಕೆ ನಾಲ್ಕು ಇಂಚು ಇಳಿಸಿ ಕಟ್ಟಿಸಿ. ಗೌಂಡಿ ‘ನೋಡಾಕ ಚೆಂದ ಕಾಣಂಗಿಲ್ರೀ’ ಎಂದು ತಕರಾರು ಎತ್ತುತ್ತಾರೆ. ಅವರ ಮಾತಿಗೆ ಸೋಲಬೇಡಿ. ಸಣ್ಣ ಅಡುಗೆಮನೆಯಾಗಿದ್ದು ಎರಡು ಎತ್ತರ ಹೊಂದದಿದ್ದರೆ ಇಡೀ ಕಟ್ಟೆಯನ್ನು 30 ಇಂಚಿಗೆ ನಿಲ್ಲಿಸಿ. ಹೆಚ್ಚುವಾಗ ಸ್ವಲ್ಪ ಬಗ್ಗಬೇಕಾಗುತ್ತದೆ, ಬಡಿಯುವಾಗ ಸ್ವಲ್ಪ ಕೈ ಎತ್ತಬೇಕಾಗುತ್ತದೆ. ಎರಡನ್ನೂ ತಾಳಿಕೊಳ್ಳಬಹುದು.

ಕೂತೇ ಬಡಿಯುವವರಿಗಾಗಿ ಗ್ಯಾಸ್ ಒಲೆಯನ್ನು ನೆಲದ ಮೇಲೆ ಇಡುವ ರೂಢಿ ನಮ್ಮಲ್ಲಿದೆ. ಇದು ಬೇಡ. ಒಲೆ ಯಾವಾಗಲೂ ಸಿಲಿಂಡರಿಗಿಂತ ಮೇಲಿರಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲೇ ಹರಡುತ್ತದೆ, ಅಲ್ಲಿ ಉರಿಯುವ ಒಲೆ ಇದ್ದರೆ ಆಗುವ ಅನಾಹುತ ಹೇಳಬೇಕಾಗಿಲ್ಲ. ಮನೆಬಳಕೆಯ ಸಿಲಿಂಡರಿನ ಎತ್ತರ ಸುಮಾರು ಎರಡು ಅಡಿ. 28 ಇಂಚಿನ ತಗ್ಗು ಕಟ್ಟೆಯ ಮೇಲೆ ಒಲೆ ಇಟ್ಟು ಮುಂದೆ ಗಟ್ಟಿಯಾದ ಸ್ಟೂಲು ಹಾಕಿಕೊಟ್ಟರೆ, ಮಂಡಿ ನೋವಿರುವ ಹಿರಿಯರೂ ಕೂತು ರೊಟ್ಟಿ ಮಾಡಬಹುದು. ಸ್ಟೂಲಿನಲ್ಲಿ ಕೂತವರ ಮಂಡಿ ಒಳಗೆ ಹೋಗಲು ಆ ಭಾಗದ ಕೆಳಗೆ ಕಪಾಟು ಮಾಡಿಸದೆ ಖಾಲಿ ಬಿಡಿ.

2. ಗೋಡೆ ಮತ್ತು ಮಾಳಿಗೆ ನೋಡಿಕೊಳ್ಳಿ

ನಿಮ್ಮದು ಎರೆಮಣ್ಣಿನ ಮೇಲೆ ನಿಂತ ಮನೆಯೇ? ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಜೊತೆಗೆ ಗೋಡೆಯೂ ಅಲುಗುತ್ತದೆ. ಅಡುಗೆಮನೆ ಗೋಡೆಯಲ್ಲಿ ಓರೆಯಾದ ಬಿರುಕಿದ್ದರೆ ಅದರ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ಒಂದು ಮಳೆಗಾಲ ದಾಟಿದ ಮೇಲೆ ಬಿರುಕು ಗೆರೆ ಮೀರಿ ಬೆಳೆದಿದ್ದರೆ ಮೊದಲು ಸಿವಿಲ್ ಎಂಜಿನಿಯರಿಗೆ ತೋರಿಸಿ. ಅಲುಗುವ ಗೋಡೆಗೆ ಹಾಕಿದ ಟೈಲ್ಸು ಒಂದೆರಡು ವರ್ಷದಲ್ಲಿ ಅದೇ ಓರೆಯಲ್ಲಿ ಸೀಳುತ್ತದೆ.

ಮಣ್ಣಿನ ಮಾಳಿಗೆಯ ಹಳೆ ಮನೆಗಳದು ಬೇರೆ ಲೆಕ್ಕ. ತೊಲೆ, ಕಂಬಗಳ ಮೇಲೆ ಭಾರ ನಿಂತಿರುತ್ತದೆ. ಜಾಗ ದೊಡ್ಡದಾಗಲಿ ಎಂದು ಕಂಬ ತೆಗೆಸುವ ಯೋಚನೆಯನ್ನು ಎಂಜಿನಿಯರ್ ನೋಡುವ ತನಕ ಮಾಡಬೇಡಿ. ಕಲ್ಲು, ಮಣ್ಣಿನ ಗೋಡೆಯಲ್ಲಿ ಪೈಪಿಗಾಗಿ ಕಾಲುವೆ ಕೊರೆದರೆ ಒಳಗಿನ ಕಲ್ಲುಗಳು ಸಡಿಲಾಗಿ ಬೊಗಸೆಗಟ್ಟಲೆ ಮಣ್ಣು ಉದುರುತ್ತದೆ. ಅಂಥಲ್ಲಿ ವೈರು, ಪೈಪು ಗೋಡೆಯ ಮೇಲೆಯೇ ಹೋಗಲಿ. ನೋಟಕ್ಕೆ ಅಷ್ಟು ಚೆಂದ ಇರುವುದಿಲ್ಲ, ಗೋಡೆ ಉಳಿಯುತ್ತದೆ.

ಒಲೆಯ ಮೇಲಿನ ಬೆಳಕಿಂಡಿಯನ್ನು, ಎಂದರೆ ಮಾಳಿಗೆಯಲ್ಲಿ ಬೆಳಕಿಗೂ ಹೊಗೆಗೂ ಬಿಟ್ಟ ಕಿಂಡಿಯನ್ನು, ದಯವಿಟ್ಟು ಮುಚ್ಚಿಸಬೇಡಿ. ಬಿಸಿಗಾಳಿ ತಾನಾಗಿ ಮೇಲೇರಿ ಹೊರಹೋಗಲು ಅದಕ್ಕಿಂತ ಒಳ್ಳೆ ದಾರಿ ಇಲ್ಲ, ಕರೆಂಟು ಹೋದಾಗಲೂ ಅದು ಕೆಲಸ ಮಾಡುತ್ತದೆ. ಮಳೆನೀರು ಸೋರುತ್ತಿದ್ದರೆ ಸುತ್ತ ದಂಡೆ ಎತ್ತರಿಸಿ, ಬದಿಯಲ್ಲಿ ಗಾಳಿಗೆ ಜಾಗ ಬಿಟ್ಟು ಮೇಲೆ ಗಾಜು ಕೂರಿಸಿ.

ವಾಸ್ತು ನೋಡುವವರು ಒಲೆ ಆಗ್ನೇಯ ಮೂಲೆಗೆ ಬರಬೇಕು, ಅಡುಗೆ ಮಾಡುವವರ ಮುಖ ಪೂರ್ವಕ್ಕಿರಬೇಕು ಎನ್ನುತ್ತಾರೆ. ಒಲೆಯನ್ನು ಸರಿಸುವುದು ಸುಲಭ, ಕಷ್ಟವಿರುವುದು ಸಿಂಕಿನಲ್ಲಿ. ಮನೆಯವರು ದಿಕ್ಕಿನ ಮಾತು ಮುಗಿಸಿಕೊಂಡ ಮೇಲೆಯೇ ನಕ್ಷೆ ಬರೆಸಿ. ಕಟ್ಟೆ ಎದ್ದ ಮೇಲೆ ಯಾರೋ ನೆಂಟರು ಬಂದು ಹೇಳಿದರೆಂದು ಒಡೆಸುವುದು ತುಂಬಾ ದುಬಾರಿ.

3. ಕಾಲ ಮತ್ತು ಕರಾರು

ಕೆಲಸಕ್ಕೆ ಒಳ್ಳೆ ಕಾಲ ದೀಪಾವಳಿಯಿಂದ ಶಿವರಾತ್ರಿ ತನಕ. ಏಪ್ರಿಲ್, ಮೇನಲ್ಲಿ ಬೆಳಗ್ಗೆ ಮಾಡಿದ ಗಿಲಾವು, ಅಂದರೆ ಸಿಮೆಂಟಿನ ಸಾರಣೆ, ಮಧ್ಯಾಹ್ನಕ್ಕೆ ಒಣಗಿ ಬಿರಿಯುತ್ತದೆ. ಸಿಮೆಂಟು ಗಟ್ಟಿಯಾಗಲು ಒಳಗೆ ತೇವ ಇರಬೇಕು, ಅದಕ್ಕಾಗಿ ಕನಿಷ್ಠ ಏಳು ದಿನ ನೀರು ಉಣಿಸಬೇಕು. ಬೇಸಿಗೆಯಲ್ಲಿ ನಲ್ಲಿ ನೀರೇ ದಿನ ಬಿಟ್ಟು ದಿನ ಬರುವ ಊರುಗಳಲ್ಲಿ ಇದು ಆಗದ ಮಾತು. ‘ಯುಗಾದಿಯೊಳಗೆ ಮುಗಿಸಿಕೊಡಿ’ ಎಂದು ಫೆಬ್ರವರಿ ಕೊನೆಗೆ ಶುರು ಮಾಡುವುದೂ ತಪ್ಪು. ಆತುರಕ್ಕೆ ಬಿದ್ದರೆ ಮೊದಲು ಕತ್ತರಿ ಬೀಳುವುದು ಈ ಏಳು ದಿನಕ್ಕೆ.

ಕರಾರನ್ನು ಒಂದು ಹಾಳೆಯಲ್ಲಾದರೂ ಬರೆದು ಇಬ್ಬರೂ ಸಹಿ ಮಾಡಿ. ಬರೀ ಕೂಲಿಯೋ, ಸಾಮಾನು ಸಮೇತವೋ? ಗ್ರಾನೈಟ್ ಅಳತೆ ಹೇಗೆ: ಕಟ್ಟೆಗೆ ಕೂತಷ್ಟಕ್ಕೋ, ಅಂಗಡಿಯಿಂದ ಬಂದ ಪೂರ್ತಿ ಹಲಗೆಗೋ? ಅಂಚು ದುಂಡಗೆ ಮಾಡುವ ಮೋಲ್ಡಿಂಗು, ಸಿಂಕಿನ ತೂತು ಕೊರೆಯುವುದು ಬೇರೆ ಲೆಕ್ಕವೋ? ಒಡೆದ ಗಾರೆಕಲ್ಲು ಸಾಗಿಸುವ ಟ್ರ್ಯಾಕ್ಟರ್ ಬಾಡಿಗೆ ಯಾರದು? ಜಗಳ ಹುಟ್ಟುವುದು ಈ ನಾಲ್ಕು ಕಡೆ. ಎಣಿಸಿದ ದುಡ್ಡಿನ ಮೇಲೆ ಐದನೇ ಒಂದು ಭಾಗವನ್ನು ಬೇರೆಯೇ ತೆಗೆದಿಡಿ. ಹಳೆ ಗೋಡೆ ಒಡೆದಾಗ ಒಳಗೆ ಏನು ಕಾಣಿಸುತ್ತದೋ ಯಾರಿಗೂ ಗೊತ್ತಿರುವುದಿಲ್ಲ. ದುಡ್ಡನ್ನು ಹಂತ ಹಂತವಾಗಿ ಕೊಡಿ, ಹತ್ತನೇ ಒಂದು ಭಾಗ ಕೊನೆಯ ತನಕ ನಿಮ್ಮ ಬಳಿಯೇ ಉಳಿಯಲಿ.

4. ಅಲ್ಲಿಯ ತನಕ ಅಡುಗೆ ಎಲ್ಲಿ?

‘ಒಂದು ವಾರ ಅಷ್ಟೇ’ ಎನ್ನುತ್ತಾರೆ. ನೀವು ಒಂದು ತಿಂಗಳು ಎಂದುಕೊಳ್ಳಿ. ಪಡಸಾಲೆಯಲ್ಲೋ ಹಿತ್ತಲಲ್ಲೋ ಗಾಳಿ ಆಡುವ ಕಡೆ ಗಟ್ಟಿ ಮೇಜಿನ ಮೇಲೆ ಒಲೆ ಇಡಿ. ಮಲಗುವ ಕೋಣೆಗೆ ಸಿಲಿಂಡರ್ ಬೇಡವೇ ಬೇಡ. ಪಾತ್ರೆಗಳಲ್ಲಿ ಅರ್ಧ ಡಜನ್ ಇಟ್ಟುಕೊಂಡು ಉಳಿದದ್ದನ್ನು ಚೀಲಕ್ಕೆ ಕಟ್ಟಿ. ವರ್ಷಕ್ಕಾಗುವಷ್ಟು ಜೋಳ, ಅಕ್ಕಿ ಮನೆಯಲ್ಲಿದ್ದರೆ ಒಡೆಯುವ ಮುಂಚೆಯೇ ಬೇರೆ ಕೋಣೆಗೆ ಸಾಗಿಸಿ, ಸಿಮೆಂಟಿನ ದೂಳು ಚೀಲದ ನೇಯ್ಗೆಯೊಳಗೂ ಇಳಿಯುತ್ತದೆ. ಒಂದು ತಿಂಗಳ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿಟ್ಟುಕೊಂಡರೆ ಜೀವಕ್ಕೆ ಹಾಯೆನಿಸುತ್ತದೆ.

5. ಗೋಡೆಯೊಳಗಿನ ಕೆಲಸ

ಕಣ್ಣಿಗೆ ಕಾಣದ ಈ ಹಂತಕ್ಕೆ ದುಡ್ಡು ಕಡಿಮೆ ಮಾಡಬೇಡಿ. ಕಲ್ಲು, ಕಪಾಟು ಮುಂದೆಂದಾದರೂ ಬದಲಿಸಬಹುದು. ಪೈಪು, ವೈರು ಬದಲಿಸಬೇಕೆಂದರೆ ಅವೆರಡನ್ನೂ ಒಡೆಯಬೇಕು.

ಸಿಂಕು ಈಗ ಎಲ್ಲಿದೆಯೋ ಸಾಧ್ಯವಾದಷ್ಟು ಅಲ್ಲೇ ಇರಲಿ. ಇದು ನಾನು ಪೆಟ್ಟು ತಿಂದು ಕಲಿತದ್ದು. ನಮ್ಮ ಮನೆಯಲ್ಲಿ ಸಿಂಕನ್ನು ಎದುರು ಗೋಡೆಗೆ ಸರಿಸಿದೆವು. ನೀರು ಹೋಗುವ ಪೈಪು ನೆಲದಡಿ ಹನ್ನೊಂದು ಅಡಿ ಸಾಗಬೇಕಾಯಿತು. ಅಡಿಗೆ ಕಾಲು ಇಂಚಿನಂತೆ ಇಳಿಜಾರು ಕೊಡಬೇಕು, ಅಂದರೆ ಒಟ್ಟು ಎರಡೂಮುಕ್ಕಾಲು ಇಂಚು. ಹೊರಗಿನ ಚೇಂಬರ್, ಎಂದರೆ ಕೊಳೆನೀರಿನ ಪೈಪು ಹೋಗಿ ಸೇರುವ ಗುಂಡಿ, ಎತ್ತರದಲ್ಲಿದ್ದುದರಿಂದ ಒಂದೇ ಇಂಚು ಸಿಕ್ಕಿತು. ಜೋಳದ ಹಿಟ್ಟಿನ ಪಾತ್ರೆ ತೊಳೆದ ನೀರು ಆ ಪೈಪಿನಲ್ಲಿ ನಿಂತು ಹಿಟ್ಟು ತಳಕ್ಕೆ ಅಂಟಿನಂತೆ ಕೂತಿತು. ಎರಡು ವಾರಕ್ಕೊಮ್ಮೆ ಕಟ್ಟಿಕೊಂಡು, ಕೊನೆಗೆ ಹೊಸ ನೆಲವನ್ನೇ ಒಡೆಸಬೇಕಾಯಿತು. ಆದ್ದರಿಂದ ಸಿಂಕು ಸರಿಸುವ ಮುಂಚೆ ಚೇಂಬರಿನ ಮಟ್ಟವನ್ನು ನೀರು ತುಂಬಿದ ಲೆವೆಲ್ ಪೈಪಿನಿಂದ ಅಳೆಸಿ. ಸಿಂಕಿನ ಕೆಳಗೆ ಟ್ರ್ಯಾಪ್ ಇರಲೇಬೇಕು. ಇದು ಬಾಗಿದ ಪೈಪು, ಇದರಲ್ಲಿ ಸದಾ ಸ್ವಲ್ಪ ನೀರು ನಿಂತು ಗಟಾರದ ವಾಸನೆ, ಜಿರಳೆ ಮೇಲೆ ಬರದಂತೆ ತಡೆಯುತ್ತದೆ.

ಕುಡಿಯುವ ನೀರಿನ ಜಾಗವನ್ನು ನಕ್ಷೆಯಲ್ಲೇ ಗುರುತಿಸಿ. ಶುದ್ಧ ನೀರಿನ ಘಟಕದಿಂದ 20 ಲೀಟರಿನ ಕ್ಯಾನ್ ತರುವ ಮನೆಯಾದರೆ ಸೊಂಟದೆತ್ತರದ ಗೂಡು ಮಾಡಿಸಿ, ತುಂಬಿದ ಕ್ಯಾನನ್ನು ಎದೆಮಟ್ಟಕ್ಕೆ ಎತ್ತುವಂತಾಗಬಾರದು. ಬೋರ್‌ವೆಲ್ ನೀರೇ ಕುಡಿಯುವವರು ಮೊದಲು ಪರೀಕ್ಷೆ ಮಾಡಿಸಿ. ರಾಯಚೂರು, ಕೊಪ್ಪಳದ ಎಷ್ಟೋ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದಿದ್ದರೆ 1.5 ತನಕ ಮಾತ್ರ. ಕ್ಯಾಂಡಲ್ ಫಿಲ್ಟರ್, ಯುವಿ ಯಂತ್ರಗಳು ಫ್ಲೋರೈಡನ್ನೂ ಉಪ್ಪನ್ನೂ ತೆಗೆಯುವುದಿಲ್ಲ, ಆರ್‌ಓ ತೆಗೆಯುತ್ತದೆ. ಆರ್‌ಓ ಹಾಕಿಸುವುದಾದರೆ ಅದು ಹೊರಹಾಕುವ ನೀರನ್ನು ಬಕೆಟ್ಟಿಗೆ ಬಿಡುವ ಪೈಪು ಈಗಲೇ ಹಾಕಿಸಿ, ನೆಲ ಒರೆಸಲು ಆಗುತ್ತದೆ.

ಕರೆಂಟಿನಲ್ಲಿ ಫ್ರಿಜ್ಜು, ಇಂಡಕ್ಷನ್ ಒಲೆ, ಓವನ್ ಒಂದೊಂದಕ್ಕೂ ಬೇರೆ ಬೇರೆ 16 ಆಂಪ್ ಪಾಯಿಂಟ್ ಇರಲಿ. ಕಟ್ಟೆಯ ಮೇಲೆ ನಾಲ್ಕು ಪಾಯಿಂಟಾದರೂ ಬೇಕು, ಸಿಂಕಿನಿಂದ ಎರಡು ಮೂರು ಅಡಿ ದೂರ. ಬೋರ್ಡಿನಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿ. ಕರೆಂಟು ಮೈಗೆ ಹರಿಯತೊಡಗಿದ ಕ್ಷಣದಲ್ಲೇ ಲೈನು ಕಡಿಯುವ ಸ್ವಿಚ್ಚಿದು. ಒದ್ದೆ ಕೈಯಲ್ಲಿ ಮಿಕ್ಸರ್ ಮುಟ್ಟುವ ಜಾಗದಲ್ಲಿ ಇದನ್ನು ಬಿಡಬೇಡಿ.

ಗೋಡೆ ಮುಚ್ಚುವ ಮುಂಚೆ ಪೈಪುಗಳ ಬಾಯಿ ಬಿಗಿದು, ನೀರು ತುಂಬಿ, ಒಂದು ದಿನ ಬಿಟ್ಟು ನೋಡಿ. ಪಕ್ಕದಲ್ಲಿ ಟೇಪು ಹಿಡಿದು ಪ್ರತಿ ಗೋಡೆಯ ಫೋಟೋ ತೆಗೆದಿಡಿ. ಮುಂದೆ ಮೊಳೆ ಹೊಡೆಯುವಾಗ ಪೈಪು ಎಲ್ಲಿದೆಯೆಂದು ಹೇಳುವುದು ಆ ಫೋಟೋ ಮಾತ್ರ.

6. ಗಾಳಿ, ಘಾಟು, ಗ್ಯಾಸು

ಮೆಣಸಿನಕಾಯಿ ಹುರಿದ ಘಾಟು, ರೊಟ್ಟಿಯ ಹಂಚಿನ ಝಳ ಎರಡೂ ಹೊರಹೋಗಬೇಕು. ಒಲೆಯ ಬಳಿ ಮೇಲೆ ಎಕ್ಸಾಸ್ಟ್ ಫ್ಯಾನು, ಎದುರು ಬದಿಯಲ್ಲಿ ಗಾಳಿ ಒಳಬರುವ ಕಿಟಕಿ ಇರಲಿ. ಎರಡೂ ಒಂದೇ ಗೋಡೆಯಲ್ಲಿದ್ದರೆ ಕಿಟಕಿಯಿಂದ ಬಂದ ಗಾಳಿ ಹಾಗೇ ಫ್ಯಾನಿಗೆ ಹೋಗುತ್ತದೆ, ಅಡುಗೆ ಮಾಡುವವರಿಗೆ ಮುಟ್ಟುವುದೇ ಇಲ್ಲ. ಚಿಮಣಿ ಬೇಕೆಂದರೆ ಹೊರಕ್ಕೆ ಪೈಪು ಹೋಗುವಂಥದ್ದನ್ನೇ ಆರಿಸಿ, ಆರು ಇಂಚಿನ ತೂತನ್ನು ಟೈಲ್ಸಿಗೆ ಮೊದಲೇ ಕೊರೆಸಿ, ಒಲೆಯಿಂದ 26–30 ಇಂಚು ಮೇಲೆ ಕೂರಿಸಿ. ಪೈಪಿಲ್ಲದೆ ಗಾಳಿಯನ್ನು ಸೋಸಿ ಒಳಗೇ ಬಿಡುವ ಚಿಮಣಿಯಿಂದ ಝಳ ಕಡಿಮೆಯಾಗುವುದಿಲ್ಲ. ದುಡ್ಡು ಒಂದಕ್ಕೇ ಸಾಲುವುದಾದರೆ ನಾನಂತೂ ಚಿಮಣಿ ಬಿಟ್ಟು ಕಿಟಕಿ ದೊಡ್ಡದು ಮಾಡಿಸಿ ಎನ್ನುತ್ತೇನೆ.

ಕಟ್ಟೆಯೊಳಗೆ ಹುದುಗುವ ಗಾಜಿನ ಒಲೆ ರೊಟ್ಟಿ ಮನೆಗೆ ಹೊಂದುವುದು ಕಷ್ಟ. ರೊಟ್ಟಿಯಿಂದ ಉದುರುವ ಹಿಟ್ಟು ಬರ್ನರಿನ ಕಣ್ಣು ಕಟ್ಟುತ್ತದೆ, ತೆಗೆದು ಕೊಡವಲು ಆಗುವುದಿಲ್ಲ. ಜೊತೆಗೆ ಒಲೆಗಾಗಿ ಕಲ್ಲಿಗೆ ದೊಡ್ಡ ತೂತು ಕೊರೆದಿರುತ್ತಾರೆ, ಹಿಂದೆ ಮುಂದೆ ಉಳಿದ ಸಣ್ಣ ಪಟ್ಟಿ ಪಕ್ಕದಲ್ಲಿ ದಿನಾ ಬಡಿದರೆ ಸೀಳಬಹುದು. ಎತ್ತಿಡಬಹುದಾದ ಸ್ಟೀಲಿನ ಒಲೆಯೇ ಸಾಕು.

ಸಿಲಿಂಡರನ್ನು ಕಪಾಟಿನೊಳಗೆ ಇಡುವುದಾದರೆ ಬಾಗಿಲಿನ ಕೆಳಭಾಗದಲ್ಲಿ ಜಾಲರಿ ಬಿಡಿ, ಸೋರಿದ ಅನಿಲ ತಳದಲ್ಲಿ ಕಟ್ಟಿಕೊಳ್ಳಬಾರದು. ರಬ್ಬರ್ ಪೈಪು ಒಂದೂವರೆ ಮೀಟರ್ ಮೀರಬಾರದು, ಗೋಡೆಯೊಳಗೆ ಹುದುಗಿಸಬಾರದು, ಐದು ವರ್ಷಕ್ಕೊಮ್ಮೆ ಬದಲಿಸಬೇಕು. ವಾಸನೆ ಬಂದರೆ ಸ್ವಿಚ್ಚು ಮುಟ್ಟದೆ, ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಿ.

7. ಕಟ್ಟೆಯ ಕಲ್ಲು

ಕಲ್ಲಿನ ವಿಷಯದಲ್ಲಿ ನಮ್ಮದು ಅದೃಷ್ಟದ ಸೀಮೆ. ಕುಷ್ಟಗಿ, ಪಕ್ಕದ ಇಳಕಲ್ ಕಡೆಯ ಗ್ರಾನೈಟು ಹತ್ತಿರದಲ್ಲೇ ಸಿಗುತ್ತದೆ. ಆದರೂ ಹೆಚ್ಚಿನವರು ಕೇಳುವುದು ಅಚ್ಚ ಕಪ್ಪು ಕಲ್ಲನ್ನೇ. ಅಂಗಡಿಯಲ್ಲಿ ಅದು ಮಿಂಚುತ್ತದೆ ನಿಜ. ಮನೆಯಲ್ಲಿ ಸವಳು ನೀರು ಬಿದ್ದು ಒಣಗಿದಲ್ಲೆಲ್ಲ ಬಿಳಿ ಉಪ್ಪಿನ ಗೆರೆ ಉಳಿಯುತ್ತದೆ, ನಲ್ಲಿಯ ಸುತ್ತ ಸುಣ್ಣ ಬಳಿದಂತಾಗುತ್ತದೆ, ಒಣಬಟ್ಟೆಯಲ್ಲಿ ಒರೆಸಿ ಒರೆಸಿ ಸಾಕಾಗುತ್ತದೆ. ಬೂದು ಬಣ್ಣದ, ಚುಕ್ಕೆಯಿರುವ ಕಲ್ಲಿನಲ್ಲಿ ಉಪ್ಪೂ ಹಿಟ್ಟೂ ಎದ್ದು ಕಾಣುವುದಿಲ್ಲ. ಕಪ್ಪೇ ಬೇಕೆಂದರೆ ಬಣ್ಣ ಹಚ್ಚಿದ ಕಲ್ಲಲ್ಲವೆಂದು ನೋಡಿಕೊಳ್ಳಿ: ಉಗುರುಬಣ್ಣ ತೆಗೆಯುವ ದ್ರವವನ್ನು ಬಿಳಿ ಬಟ್ಟೆಗೆ ಹಾಕಿ ತಿಕ್ಕಿ, ಬಟ್ಟೆ ಕಪ್ಪಾದರೆ ಕೊಳ್ಳಬೇಡಿ. ಯಾವ ಕಲ್ಲಾದರೂ ಮೇಲೆ ಸ್ವಲ್ಪ ನೀರು ಹಾಕಿ ಹತ್ತು ನಿಮಿಷ ಬಿಡಿ. ಒರೆಸಿದ ಮೇಲೂ ಗಾಢವಾದ ಕಲೆ ಉಳಿದರೆ ಅದು ನೀರು ಹೀರುವ ಕಲ್ಲು, ನಾಳೆ ಎಣ್ಣೆಯನ್ನೂ ಹೀರುತ್ತದೆ.

ಶಹಾಬಾದ್, ಕಡಪ ಕಲ್ಲುಗಳು ಅಗ್ಗ, ಗಟ್ಟಿ, ಕಪಾಟಿನ ಹಲಗೆಗೆ ಬಹಳ ಒಳ್ಳೆಯವು. ಆದರೆ ಅವು ಸುಣ್ಣದ ಅಂಶದ ಕಲ್ಲುಗಳು. ಹುಣಸೆ ಹುಳಿ, ನಿಂಬೆರಸ ಬಿದ್ದರೆ ಮೆರುಗು ಹೋಗಿ ಮಚ್ಚೆಯಾಗುತ್ತದೆ. ಕಟ್ಟೆಯ ಮೇಲ್ಭಾಗಕ್ಕೆ ಗ್ರಾನೈಟೇ ಇರಲಿ, 18–20 ಎಂಎಂ ದಪ್ಪದ್ದು.

ರೊಟ್ಟಿ ಬಡಿಯುವ ಕಡೆ ಗ್ರಾನೈಟನ್ನು ಬರೀ ಪ್ಲೈವುಡ್ ಡಬ್ಬಿಯ ಮೇಲೆ ಕೂರಿಸಬೇಡಿ. ಕೆಳಗೆ ಕಡಪ ಹಲಗೆ, ಅದಕ್ಕೆ ಎರಡೂವರೆ ಅಡಿಗೊಂದರಂತೆ ಇಟ್ಟಿಗೆ ಅಥವಾ ಕಲ್ಲಿನ ಆಧಾರ ಇರಲಿ. ಕಲ್ಲಿನ ಜೋಡು ಸಿಂಕಿನ ಹತ್ತಿರವೂ ಬೇಡ, ಬಡಿಯುವ ಜಾಗದಲ್ಲೂ ಬೇಡ. ಸಿಂಕು 304 ದರ್ಜೆಯ ಸ್ಟೀಲು, ಒಂಬತ್ತು ಇಂಚು ಆಳ. ಹಂಚು, ಪರಾತ ಅಡ್ಡ ಹಿಡಿಯುವಷ್ಟು ಅಗಲವಿರಲಿ.

8. ಟೈಲ್ಸು

ನೆಲಕ್ಕೆ ಮ್ಯಾಟ್, ಅಂದರೆ ಮಿಂಚದ, ಜಾರದ ಟೈಲ್ಸು. ಗೋಡೆಗೆ ನಯವಾದದ್ದು, ಒಗ್ಗರಣೆ ಸಿಡಿದರೆ ಒರೆಸಲು ಸುಲಭ. ವಿಟ್ರಿಫೈಡ್ ಟೈಲ್ಸು ನೀರನ್ನು ಹೆಚ್ಚುಕಡಿಮೆ ಹೀರುವುದೇ ಇಲ್ಲ, ಹಾಗಾಗಿ ಗೋಡೆಯ ಮೇಲೆ ಬರೀ ಸಿಮೆಂಟು ಅದನ್ನು ಹಿಡಿಯುವುದಿಲ್ಲ. ಅದಕ್ಕೆಂದೇ ಬರುವ ಅಂಟು ಹಾಕಿಸಿ. ಒಲೆ, ಸಿಂಕಿನ ಹಿಂದಿನ ಸಂದುಗಳಿಗೆ ಸಿಮೆಂಟಿನ ಬದಲು ಎಪಾಕ್ಸಿ ಎಂಬ ರಾಳದ ಅಂಟು ತುಂಬಿಸಿ, ಅರಿಶಿನ ಹಿಡಿಯುವುದಿಲ್ಲ. ಮರುದಿನ ಕೋಲಿನಿಂದ ಒಂದೊಂದೇ ಟೈಲ್ಸು ತಟ್ಟಿ. ಟೊಳ್ಳು ಸದ್ದು ಬಂದದ್ದನ್ನು ಅಲ್ಲೇ ತೆಗೆಸಿ.

9. ಕಪಾಟು

ಗೆದ್ದಲು ಮತ್ತು ನೀರು, ಕಪಾಟಿನ ಶತ್ರುಗಳು ಇವೆರಡೇ. ಸಿಂಕಿನ ಕೆಳಗೆ ಮರದ ಸಾಮಾನೇ ಬೇಡ, ಕಡಪ ಹಲಗೆ ಮತ್ತು ಅಲ್ಯೂಮಿನಿಯಂ ಬಾಗಿಲು ಸಾಕು. ಉಳಿದ ಕಡೆ ಪ್ಲೈವುಡ್ ಹಾಕಿಸಿದರೆ ಹಾಳೆಯ ಮೇಲಿನ ಮುದ್ರೆ ನೋಡಿ: ಐಎಸ್ 710 ಎಂದರೆ ಕುದಿನೀರಿಗೂ ಬಿಚ್ಚಿಕೊಳ್ಳದ ಹಾಳೆ, ಐಎಸ್ 303 ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಮರದ ಚೂರು, ನಾರು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡು, ಎಂಡಿಎಫ್ ಒಮ್ಮೆ ನೀರು ಕುಡಿದರೆ ಉಬ್ಬಿ ಹೋಗುತ್ತವೆ. ‘ಮಾಡ್ಯುಲರ್’ ಎಂಬ ಹೆಸರಿಗೆ ಮರುಳಾಗಿ ಒಳಗಿನ ಹಾಳೆ ಯಾವುದೆಂದು ಕೇಳದೆ ಮುಂಗಡ ಕೊಡಬೇಡಿ. ದುಡ್ಡು ಕಡಿಮೆ ಬಿದ್ದರೆ ಮೇಲಿನ ಕಪಾಟುಗಳನ್ನು ಮುಂದಿನ ವರ್ಷಕ್ಕೆ ಬಿಡಿ, ಜೋಳದ ಚೀಲಕ್ಕೆ ಗಾಳಿಯಾಡುವ ಮೂಲೆಯೊಂದನ್ನು ಮಾತ್ರ ಈಗಲೇ ಕಾದಿಡಿ.

10. ಕೊನೆಯ ಹಣ ಕೊಡುವ ಮುಂಚೆ

ಎರಡು ವಾರ ಅಡುಗೆ ಮಾಡಿ ನೋಡಿ. ಸಿಂಕು ತುಂಬಿಸಿ ಒಮ್ಮೆಗೇ ಬಿಡಿ, ಕೆಳಗಿನ ಜೋಡುಗಳಿಗೆ ಒಣ ಕಾಗದ ಒತ್ತಿ ತೇವ ಇದೆಯೇ ನೋಡಿ. ಕಟ್ಟೆಯ ಮೇಲೆ ಒಂದು ಲೋಟ ನೀರು ಚೆಲ್ಲಿ: ಅದು ಗೋಡೆಯ ಕಡೆಗಾಗಲಿ ಒಲೆಯ ಕಡೆಗಾಗಲಿ ಹೋಗದೆ ಸಿಂಕಿನ ಕಡೆ ಹರಿಯಬೇಕು. ಆರ್‌ಸಿಸಿಬಿಯ ಪರೀಕ್ಷಾ ಗುಂಡಿ ಒತ್ತಿದರೆ ಲೈನು ಕಡಿಯಬೇಕು. ಒಂದು ಭಾನುವಾರ ನೆಂಟರನ್ನು ಕರೆದು ಮೂವತ್ತು ರೊಟ್ಟಿ ಬಡಿಯಿರಿ. ಬಡಿಯುವಾಗ ಪಕ್ಕದ ಡಬ್ಬಿಗಳು ಗದಗದ ನಡುಗಿದರೆ ಕಟ್ಟೆಯ ಕೆಳಗೆ ಇನ್ನೊಂದು ಆಧಾರ ಬೇಕೆಂದು ಅರ್ಥ, ಗೌಂಡಿಯನ್ನು ಕರೆಸಿ ಹಾಕಿಸಿ. ಆಮೇಲೆ ಉಳಿದ ಹಣ ಕೊಡಿ, ಮತ್ತು ಉಳಿದ ಟೈಲ್ಸಿನಲ್ಲಿ ಐದಾರನ್ನು ಅದರ ಪೆಟ್ಟಿಗೆಯ ಸಮೇತ ಅಟ್ಟದ ಮೇಲೆ ಎತ್ತಿಡಿ. ಪೆಟ್ಟಿಗೆಯ ಮೇಲಿನ ಬ್ಯಾಚ್ ನಂಬರ್ ಬದಲಾದರೆ ಅದೇ ಬಣ್ಣ ಮತ್ತೆ ಸಿಗುವುದಿಲ್ಲ.